ಕಾರು ಮನೆಗೆ ಬಂದು 12 ದಿನ ಆಗಿದೆ, ಈಗ ಶೋರೂಮ್‌ನವರು ಇನ್ನೂ 44,743 ರೂಪಾಯಿ ಕಟ್ಟಿ ಅನ್ನುತ್ತಿದ್ದಾರೆ. ಕಟ್ಟಬೇಕಾ?

ಅರಸೀಕೆರೆ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ. ಎರಡು ರಾತ್ರಿಯಿಂದ ನಿದ್ದೆ ಇಲ್ಲ.

ಆಯುಧಪೂಜೆ ದಿನ ನಮ್ಮ ಮನೆಗೆ ಮೊದಲ ಕಾರು ಬಂತು. ಆನ್ ರೋಡ್ 9,86,000. ನಾನು ಕೈಯಿಂದ 2,86,000 ಕಟ್ಟಿದೆ, ಅದರಲ್ಲಿ ಅರ್ಧ ಅಮ್ಮನ ಚೀಟಿ ದುಡ್ಡು. ಉಳಿದ 7 ಲಕ್ಷಕ್ಕೆ ಲೋನ್. ನನ್ನ ಸಂಬಳ ಬರುವ ಬ್ಯಾಂಕಿನಲ್ಲೇ ಕೇಳೋಣ ಅಂತ ಇದ್ದೆ. ಶೋರೂಮ್‌ನ ಫೈನಾನ್ಸ್ ಡೆಸ್ಕಿನವರು, ಬ್ಯಾಂಕಿಗೆ ಹೋದರೆ ಹಬ್ಬಕ್ಕೆ ಗಾಡಿ ಕೈಗೆ ಬರಲ್ಲ ಸರ್, ನಾವೇ ಮಾಡಿಸಿಕೊಡುತ್ತೇವೆ, 8.9 ಪರ್ಸೆಂಟ್ ಅಷ್ಟೇ ಅಂದರು. ಕೊಟೇಶನ್ ಹಾಳೆಯ ಹಿಂದೆ ನೀಲಿ ಪೆನ್ನಲ್ಲಿ ಬರೆದೂ ಕೊಟ್ಟರು. 7 ಲಕ್ಷ, 60 ತಿಂಗಳು, ಕಂತು 14,497.

ಡೆಲಿವರಿ ದಿನ ಶೋರೂಮ್ ಜಾತ್ರೆ ಥರ ಇತ್ತು. ಅಮ್ಮ ಟೈರಿನ ಕೆಳಗೆ ನಿಂಬೆಹಣ್ಣು ಇಡುತ್ತಿದ್ದಾರೆ, ನನ್ನ ಪಕ್ಕ ಒಬ್ಬ ಹುಡುಗ ಟ್ಯಾಬ್ ಹಿಡಿದುಕೊಂಡು ಸರ್ ಒಂದು ಓಟಿಪಿ, ಸರ್ ಇನ್ನೊಂದು ಓಟಿಪಿ ಅನ್ನುತ್ತಿದ್ದಾನೆ. ಆರೋ ಏಳೋ ಓಟಿಪಿ ಹೇಳಿದೆ. ಒಂದು ಸಲವಂತೂ ಫೋನನ್ನೇ ಅವನ ಕೈಗೆ ಕೊಟ್ಟೆ. ಏನು ಓದಿದೆ ಅಂತ ಕೇಳಿದರೆ ಏನೂ ಓದಲಿಲ್ಲ.

ಮೊನ್ನೆ ಫೋನ್ ಬಂತು. ಫೈನಾನ್ಸ್ ಕಂಪನಿಯಿಂದ ಶೋರೂಮಿಗೆ ಬಂದಿರುವುದು 6,55,257 ಮಾತ್ರವಂತೆ. ಪ್ರೊಸೆಸಿಂಗ್ ಫೀ ಜಿಎಸ್‌ಟಿ ಸೇರಿ 8,260, ಲೋನ್ ಇನ್ಶೂರೆನ್ಸ್ 18,400, ಡಾಕ್ಯುಮೆಂಟ್ ಚಾರ್ಜ್ 2,950, ಒಂದು ಕಂತು ಅಡ್ವಾನ್ಸ್ 15,133, ಇಷ್ಟು ಹಿಡಿದುಕೊಂಡಿದ್ದಾರಂತೆ. ಹಿಡಿದ 44,743 ನಾನು ತುಂಬಿಕೊಡಬೇಕಂತೆ. ಕಂತು 15,133 ಯಾಕೆ ಅಂತ ಕೇಳಿದೆ. ನಿಮ್ಮ ಸಿಬಿಲ್ ನೋಡಿ ರೇಟ್ 10.75 ಆಗಿದೆ ಅಂದರು. ಇದನ್ನು ಯಾರೂ ನನಗೆ ಮೊದಲು ಹೇಳಲೇ ಇಲ್ಲ.

ದುಡ್ಡು ಕಟ್ಟುವ ತನಕ ಆರ್‌ಸಿ ಕಾರ್ಡ್ ಮತ್ತು ಎರಡನೇ ಕೀ ಕೊಡಲ್ಲ ಅಂತಾರೆ. ಈ ವಾರ ಕಟ್ಟದಿದ್ದರೆ ಗಾಡಿ ಎತ್ತಿಕೊಂಡು ಹೋಗುತ್ತೇವೆ ಅಂತಲೂ ಒಬ್ಬರು ಹೇಳಿದರು. ಇದರ ಮೇಲೆ ಫೈನಾನ್ಸ್ ಕಂಪನಿಯ ಹುಡುಗ ಮನೆಗೆ ಬಂದು ಸಹಿ ಮಾಡಿದ ಎರಡು ಖಾಲಿ ಚೆಕ್ ಮತ್ತು ಒಬ್ಬ ಜಾಮೀನುದಾರ ಬೇಕು ಅಂದ. ಹೆಂಡತಿಯ ಅಣ್ಣನನ್ನು ಕೇಳಿ ಅಂತ ಅವನೇ ಸಲಹೆ ಕೊಟ್ಟ.

ನಾನು ಕಟ್ಟಬೇಕಾ? ಅವರು ಗಾಡಿ ಎತ್ತಬಹುದಾ? ಸಾಲ ಕೊಟ್ಟ ಮೇಲೆ ಹೊಸ ಜಾಮೀನು ಕೇಳಬಹುದಾ? ಗೊತ್ತಿರುವವರು ಹೇಳಿ.

ಘಟ್ಟದ_ಕೆಳಗೆ

ಮೇಷ್ಟ್ರೇ, ಮೊದಲು ಮೂರು ಮಾತು. ದುಡ್ಡು ಕಟ್ಟಬೇಡಿ. ಚೆಕ್ ಕೊಡಬೇಡಿ. ಸ್ವಲ್ಪ ನೋಡಬೇಕು ಗಾಡಿ ತನ್ನಿ ಅಂದರೆ ಶೋರೂಮಿಗೆ ಗಾಡಿ ತಗೊಂಡು ಹೋಗಬೇಡಿ. ಉಳಿದದ್ದು ಆಮೇಲೆ.

ಅವರು ಹೇಳಿದ್ದನ್ನೆಲ್ಲ ವಾಟ್ಸಾಪ್ ಅಥವಾ ಮೇಲ್‌ನಲ್ಲಿ ಕಳಿಸಿ ಅಂತ ಕೇಳಿ. ಬರೆದು ಕೊಡಿ ಅಂದ ತಕ್ಷಣ ಅರ್ಧ ಬೆದರಿಕೆ ನಿಂತುಹೋಗುತ್ತದೆ, ನಾನು ಕಣ್ಣಾರೆ ನೋಡಿದ್ದೇನೆ.

ಬಯಲುಸೀಮೆ72

ನನ್ನ ಅಭಿಪ್ರಾಯ ಬೇರೆ. ಗಾಡಿಯ ಬೆಲೆ 9,86,000, ಡೀಲರ್‌ಗೆ ಅಷ್ಟು ತಲುಪಿಲ್ಲ, ಹಾಗಾದರೆ ಬಾಕಿ ನಿಮ್ಮದೇ ಅಲ್ವಾ? 45 ಸಾವಿರಕ್ಕೆ ಕೋರ್ಟು ಕಚೇರಿ ಅಂತ ಅಲೆದರೆ ಅದಕ್ಕಿಂತ ಜಾಸ್ತಿ ಖರ್ಚಾಗುತ್ತದೆ. ಸುಮ್ನೆ ಕಟ್ಟಿ ಆರ್‌ಸಿ ತಗೊಳ್ಳಿ. ಮೇಲಾಗಿ ಅವರ ಜೊತೆ ಜಗಳ ಆಡಿದರೆ ಸಿಬಿಲ್ ಹಾಳು ಮಾಡುತ್ತಾರೆ.

ಹಳೇ_ಫೈನಾನ್ಸ್_ಡೆಸ್ಕ್

ನಾನು ಆರು ವರ್ಷ ಶೋರೂಮಿನ ಫೈನಾನ್ಸ್ ಡೆಸ್ಕಿನಲ್ಲಿ ಕೂತಿದ್ದವನು. ಈಗ ಬಿಟ್ಟಿದ್ದೇನೆ. ಒಳಗೆ ಏನು ನಡೆಯುತ್ತದೆ ಹೇಳುತ್ತೇನೆ, ಆಗ ಮೇಲಿನ ಸ್ನೇಹಿತರ ಮಾತಿನಲ್ಲಿ ಎಷ್ಟು ಸರಿ ಎಷ್ಟು ತಪ್ಪು ಅಂತ ನಿಮಗೇ ಗೊತ್ತಾಗುತ್ತದೆ.

ಲೋನ್ ಪಾಸಾದ ಮೇಲೆ ಫೈನಾನ್ಸ್ ಕಂಪನಿ ಡೀಲರ್‌ಗೆ ಒಂದು ಡಿಒ ಕಳಿಸುತ್ತದೆ, ಅಂದರೆ ಡೆಲಿವರಿ ಆರ್ಡರ್. ಈ ಗಾಡಿಯನ್ನು ಇಂಥವರಿಗೆ ಕೊಡಿ, ನಾವು ಇಷ್ಟು ದುಡ್ಡು ಕಳಿಸುತ್ತೇವೆ, ಗಿರಾಕಿಯಿಂದ ಇಷ್ಟು ಮಾರ್ಜಿನ್, ಅಂದರೆ ಅವನು ಕೈಯಿಂದ ಕಟ್ಟುವ ಪಾಲು, ತಗೊಂಡಿರಬೇಕು ಅಂತ ಅದರಲ್ಲಿ ಬರೆದಿರುತ್ತದೆ. ಅದರಲ್ಲಿ ಎರಡು ಅಂಕಿ ನೋಡಿ. ಒಂದು ಲೋನ್ ಅಮೌಂಟ್, ಇನ್ನೊಂದು ನೆಟ್ ಪೇಯಬಲ್. ನಿಮ್ಮದರಲ್ಲಿ ಬಹುಶಃ 7,00,000 ಮತ್ತು 6,55,257 ಅಂತ ಇರುತ್ತದೆ. ಅಂದರೆ ಕಡಿಮೆ ದುಡ್ಡು ಬರುತ್ತದೆ ಅಂತ ಡೀಲರ್‌ಗೆ ಡೆಲಿವರಿಗೆ ಮೊದಲೇ ಗೊತ್ತು. ಆಯುಧಪೂಜೆ ದಿನ ಒಂದೇ ದಿನಕ್ಕೆ ಅಷ್ಟೊಂದು ಗಾಡಿ ಹೊರಗೆ ಹೋಗಬೇಕು. ಆಗ 44 ಸಾವಿರ ಜಾಸ್ತಿ ಕೊಡಿ ಅಂದರೆ ಗಿರಾಕಿ ನಿಂತು ಲೆಕ್ಕ ಕೇಳುತ್ತಾನೆ. ಅದಕ್ಕೆ ಗಾಡಿ ಕೊಟ್ಟು ಕಳಿಸಿ ಆಮೇಲೆ ಫೋನ್ ಮಾಡುತ್ತಾರೆ. ಮನೆ ಮುಂದೆ ಗಾಡಿ ನಿಂತ ಮೇಲೆ, ಊರವರೆಲ್ಲ ನೋಡಿದ ಮೇಲೆ, ಯಾರೂ ವಾಪಸ್ ಕೊಡಲ್ಲ ಅಂತ ಅವರಿಗೆ ಗೊತ್ತು. ಈ ಕೆಲಸ ನಾನೂ ಮಾಡಿದ್ದೇನೆ. ಈಗ ನೆನೆಸಿಕೊಂಡರೆ ಬೇಜಾರಾಗುತ್ತದೆ.

ರೇಟ್ ವಿಷಯ. ಡೆಸ್ಕಿಗೆ ಪ್ರತಿ ಲೋನಿಗೂ ಪೇಔಟ್, ಅಂದರೆ ಕಮಿಷನ್, ಸಿಗುತ್ತದೆ. ರೇಟ್ ಜಾಸ್ತಿ ಆದರೆ ಪೇಔಟ್ ಜಾಸ್ತಿ. ಇನ್ಶೂರೆನ್ಸ್ ಅಂಟಿಸಿದರೆ ಅದಕ್ಕೆ ಬೇರೆ. ನಿಮ್ಮ ಸಿಬಿಲ್ ಕಡಿಮೆ ಇದೆ ಅನ್ನುವುದು ಬಹಳ ಸಲ ಬರೀ ಬಾಯಿಮಾತು. ನಿಮ್ಮ ರಿಪೋರ್ಟ್ ನೀವೇ ತೆಗೆದು ನೋಡಿ, ವರ್ಷಕ್ಕೆ ಒಂದು ಸಲ ಉಚಿತ. ಸ್ಕೋರ್ ಜೊತೆ ಎನ್‌ಕ್ವೈರಿ ಪಟ್ಟಿಯನ್ನೂ ನೋಡಿ. ಒಂದೇ ದಿನ ನಾಲ್ಕೈದು ಕಂಪನಿ ಹೆಸರು ಇದ್ದರೆ ಡೆಸ್ಕಿನವರು ನಿಮ್ಮ ಅರ್ಜಿಯನ್ನು ಎಲ್ಲ ಕಡೆ ಎಸೆದಿದ್ದಾರೆ ಅಂತ ಅರ್ಥ.

ನಿಮ್ಮ ಲೆಕ್ಕ ನಾನು ಹಾಕಿದೆ. 8.9ಕ್ಕೆ 14,497 ಸರಿ ಇದೆ. 10.75ಕ್ಕೆ 15,133, ಅದೂ ಸರಿ. ತಿಂಗಳಿಗೆ 636 ವ್ಯತ್ಯಾಸ, ಐದು ವರ್ಷಕ್ಕೆ 38,160. ಆದರೆ ನಿಮಗೋಸ್ಕರ ನಿಜವಾಗಿ ಹೊರಬಂದ ದುಡ್ಡು 6,55,257. ಒಂದು ಕಂತು ಆಗಲೇ ಹಿಡಿದಿದ್ದಾರೆ, ಇನ್ನು 59 ಕಂತು ಕಟ್ಟಬೇಕು. ಹೀಗೆ ನೋಡಿದರೆ ವರ್ಷಕ್ಕೆ ಹತ್ತಿರ ಹತ್ತಿರ 13.1 ಪರ್ಸೆಂಟ್ ಬೀಳುತ್ತಿದೆ. 8.9 ಎಲ್ಲಿ, 13.1 ಎಲ್ಲಿ.

ಬಯಲುಸೀಮೆಯವರು ಹೇಳಿದ್ದರಲ್ಲಿ ಒಂದು ಮಾತು ನಿಜ. ಗಾಡಿ ಬೆಲೆಯ ಬಾಕಿ ಅಂತ ಡೀಲರ್ ಕೇಳಬಹುದು. ಆದರೆ ಆ ಬಾಕಿ ಹುಟ್ಟಿದ್ದು ಎಲ್ಲಿಂದ ಅನ್ನುವುದೇ ಪ್ರಶ್ನೆ. 44,743 ಅಂತ ಒಂದೇ ಮೊತ್ತವಾಗಿ ನೋಡಬೇಡಿ. ನಾಲ್ಕು ತುಂಡು ಮಾಡಿ, ಪ್ರತಿ ತುಂಡನ್ನೂ ಬೇರೆಯಾಗಿ ಕೇಳಿ.

ವಕೀಲ್ರ_ಆಫೀಸಿಂದ

ಗ್ರಾಹಕರ ಆಯೋಗದ ಕೇಸುಗಳನ್ನು ನಡೆಸುತ್ತೇನೆ. ಹಳೇ ಡೆಸ್ಕಿನವರು ಹೇಳಿದ ನಾಲ್ಕು ತುಂಡಿನಿಂದಲೇ ಶುರು ಮಾಡುತ್ತೇನೆ.

ನಿಮಗೆ ಬೇಕಾದ ಮುಖ್ಯ ಕಾಗದ ಕೆಎಫ್‌ಎಸ್, ಅಂದರೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್. 2024ರ ಅಕ್ಟೋಬರ್ 1ರಿಂದ ಹೊಸದಾಗಿ ಕೊಡುವ ಎಲ್ಲ ರಿಟೇಲ್ ಸಾಲಕ್ಕೂ ಬ್ಯಾಂಕಾಗಲಿ ಎನ್‌ಬಿಎಫ್‌ಸಿ (ಬ್ಯಾಂಕ್ ಅಲ್ಲದ ಫೈನಾನ್ಸ್ ಕಂಪನಿ) ಆಗಲಿ ಇದನ್ನು ಒಪ್ಪಂದಕ್ಕೆ ಮೊದಲೇ ಕೊಡಲೇಬೇಕು ಅಂತ ಆರ್‌ಬಿಐ ಹೇಳಿದೆ. ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕೊಟ್ಟು, ವಿವರಿಸಿ, ಅರ್ಥವಾಯಿತು ಅಂತ ನಿಮ್ಮಿಂದ ಒಪ್ಪಿಗೆ ಪಡೆಯಬೇಕು. ಕನ್ನಡದಲ್ಲಿ ಕೇಳುವ ಹಕ್ಕು ನಿಮಗಿದೆ, ನಾಚಿಕೆ ಬೇಡ. ವಾರಕ್ಕಿಂತ ದೊಡ್ಡ ಅವಧಿಯ ಸಾಲವಾದರೆ ಓದಿ ಯೋಚಿಸಲು ಕನಿಷ್ಠ 3 ಕೆಲಸದ ದಿನ ಕೊಡಬೇಕು. ಟೈರಿಗೆ ನಿಂಬೆಹಣ್ಣು ಇಡುವ ಹೊತ್ತಿನಲ್ಲಿ ಓಟಿಪಿ ಕೇಳಿದರೆ ಆ ಮೂರು ದಿನ ಎಲ್ಲಿ ಹೋಯಿತು?

ಕೆಎಫ್‌ಎಸ್‌ನಲ್ಲಿ ಹೇಳದ ಯಾವ ಶುಲ್ಕವನ್ನೂ ಆಮೇಲೆ ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವ ಹಾಗಿಲ್ಲ. ಈಗ ತುಂಡುಗಳನ್ನು ನೋಡೋಣ.

8,260 ಪ್ರೊಸೆಸಿಂಗ್ ಫೀ ಕೆಎಫ್‌ಎಸ್‌ನಲ್ಲಿ ಇದ್ದರೆ ನಿಮ್ಮದೇ. ಕಟ್ಟಬೇಕಾಗುತ್ತದೆ.

2,950 ಡಾಕ್ಯುಮೆಂಟ್ ಚಾರ್ಜ್ ಅದರಲ್ಲಿ ಇಲ್ಲದಿದ್ದರೆ ಬಿಡಿ, ಕಟ್ಟಬೇಡಿ.

18,400 ಲೋನ್ ಇನ್ಶೂರೆನ್ಸ್ ಕಡ್ಡಾಯ ಅಲ್ಲ. ಕಾರಿಗೆ ಕಾನೂನು ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆ, ಹೊಸ ಕಾರಿಗೆ 3 ವರ್ಷದ್ದು. ಗಾಡಿಗೆ ಪೂರ್ತಿ ವಿಮೆ ಇರಲಿ ಅಂತ ಸಾಲ ಕೊಟ್ಟವರು ಷರತ್ತು ಹಾಕಬಹುದು, ಆದರೆ ಅದನ್ನು ಇಂಥ ಕಡೆಯೇ ತಗೊಳ್ಳಿ ಅಂತ ಡೀಲರ್ ಒತ್ತಾಯ ಮಾಡುವಂತಿಲ್ಲ. ಸಾಲಗಾರನ ಜೀವಕ್ಕೆ ಮಾಡಿಸುವ ವಿಮೆ ಪೂರ್ತಿ ನಿಮ್ಮ ಇಷ್ಟ. ಪಾಲಿಸಿ ಅಥವಾ ಸರ್ಟಿಫಿಕೇಟ್ ಮೇಲ್‌ಗೆ ಬಂದಿರುತ್ತದೆ, ಅದರಲ್ಲಿ ಫ್ರೀ ಲುಕ್ ಅನ್ನುವ ಭಾಗ ಹುಡುಕಿ, ಅಂದರೆ ಪಾಲಿಸಿ ಬೇಡ ಅಂತ ವಾಪಸ್ ಮಾಡಲು ಇರುವ ಅವಧಿ. ಜೀವ ವಿಮೆಗೆ ಪಾಲಿಸಿ ಕೈಗೆ ಬಂದ ದಿನದಿಂದ 30 ದಿನ ಇರುತ್ತದೆ. ನಿಮಗೆ 12 ದಿನ ಆಗಿಹೋಗಿದೆ. ಇವತ್ತೇ ರದ್ದು ಮಾಡಿ ಅಂತ ಮೇಲ್ ಹಾಕಿ. ಈ ಉತ್ತರ ಓದಿ ಮುಗಿಸುವುದಕ್ಕೂ ಕಾಯಬೇಡಿ.

15,133 ಅಡ್ವಾನ್ಸ್ ಕಂತು. ಇದು ನನಗೆ ಬಹಳ ಸಿಟ್ಟು ತರಿಸುವ ವಿಷಯ. ಕಂತನ್ನು ಮೊದಲೇ ಹಿಡಿದುಕೊಂಡು ಬಡ್ಡಿಯನ್ನು ಮಾತ್ರ ಪೂರ್ತಿ ಸಾಲದ ಮೇಲೆ ಹಾಕುವುದು ಸರಿಯಲ್ಲ ಅಂತ 2024ರ ಏಪ್ರಿಲ್ 29ರ ಸುತ್ತೋಲೆಯಲ್ಲಿ ಆರ್‌ಬಿಐ ನೇರವಾಗಿ ಹೇಳಿದೆ. ದುಡ್ಡು ನಿಜವಾಗಿ ಬಿಡುಗಡೆ ಆಗುವುದಕ್ಕೆ ಮೊದಲಿನ ದಿನದಿಂದ ಬಡ್ಡಿ ಹಾಕುವುದನ್ನೂ ಅದೇ ಸುತ್ತೋಲೆಯಲ್ಲಿ ತಪ್ಪು ಅಂತ ಹೇಳಿದೆ. ನಿಮ್ಮ ಲೋನ್ ಸ್ಟೇಟ್‌ಮೆಂಟಿನಲ್ಲಿ ಬಡ್ಡಿ ಯಾವ ತಾರೀಖಿನಿಂದ ಶುರುವಾಗಿದೆ, ಡೀಲರ್ ಖಾತೆಗೆ ದುಡ್ಡು ಯಾವ ತಾರೀಖಿಗೆ ಬಂದಿದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಗಾಡಿ ಎತ್ತುವ ಮಾತು. ಇನ್‌ವಾಯ್ಸ್ ನಿಮ್ಮ ಹೆಸರಲ್ಲಿ, ನೋಂದಣಿ ನಿಮ್ಮ ಹೆಸರಲ್ಲಿ. ಡೀಲರ್‌ಗೆ ಆ ಗಾಡಿ ಮುಟ್ಟುವ ಹಕ್ಕೇ ಇಲ್ಲ. ಬಾಕಿ ಇದೆ ಅಂದರೆ ಕೇಸು ಹಾಕಬಹುದು, ಅಷ್ಟೇ. ಗಾಡಿ ವಶಕ್ಕೆ ಪಡೆಯುವ ಹಕ್ಕು ಇದ್ದರೆ ಅದು ಸಾಲ ಕೊಟ್ಟವರಿಗೆ, ಅದೂ ನೀವು ಕಂತು ತಪ್ಪಿದಾಗ, ಒಪ್ಪಂದದಲ್ಲಿ ಹೇಳಿದ ರೀತಿಯಲ್ಲಿ. ಎನ್‌ಬಿಎಫ್‌ಸಿ ಆದರೆ ನೋಟಿಸ್ ಎಷ್ಟು ದಿನ, ಯಾವಾಗ ನೋಟಿಸ್ ಇಲ್ಲದೆ ತಗೊಳ್ಳಬಹುದು, ಹರಾಜಿಗೆ ಮೊದಲು ಕೊನೆಯ ಅವಕಾಶ ಹೇಗೆ ಅನ್ನುವುದೆಲ್ಲ ಒಪ್ಪಂದದಲ್ಲೇ ಬರೆದಿರಬೇಕು. ಒಪ್ಪಂದದ ಪೂರ್ತಿ ಪ್ರತಿ ಕೇಳಿ ತಗೊಳ್ಳಿ, ಅದನ್ನು ಕೊಡುವುದು ಅವರ ಕರ್ತವ್ಯ.

ಹೊಸ ಜಾಮೀನುದಾರ, ಖಾಲಿ ಚೆಕ್: ಸಹಿ ಆದ ಒಪ್ಪಂದದಲ್ಲಿ ಇದ್ದರೆ ಮಾತ್ರ ಕೇಳಬಹುದು. ಸಾಲ ಬಿಡುಗಡೆ ಆದ ಮೇಲೆ ಮನೆಗೆ ಬಂದು ಬಾಯಲ್ಲಿ ಹೊಸ ಷರತ್ತು ಹೇಳುವುದಕ್ಕೆ ಬೆಲೆ ಇಲ್ಲ. ಖಾಲಿ ಚೆಕ್ ಅಂತೂ ಯಾವತ್ತೂ ಬೇಡ. ಸಹಿ ನಿಮ್ಮದು, ಮೊತ್ತ ಅವರದು. ಬೌನ್ಸ್ ಆದರೆ 138ರ ಕೇಸು, ಅಂದರೆ ಚೆಕ್ ಬೌನ್ಸ್ ಕೇಸು, ನಿಮ್ಮ ಮೇಲೆ. ಸಹಿ ಮಾಡಿದ ಖಾಲಿ ಫಾರ್ಮ್ 29, 30 ಕೇಳಿದರೂ ಇದೇ ಮಾತು, ಅವು ಗಾಡಿಯನ್ನು ಬೇರೆಯವರ ಹೆಸರಿಗೆ ವರ್ಗ ಮಾಡುವ ಫಾರ್ಮ್‌ಗಳು.

ರೇಟ್ ವಿಷಯದಲ್ಲಿ ನಿಮಗೆ ಸುಳ್ಳು ಧೈರ್ಯ ಹೇಳಲಾರೆ. ಓಟಿಪಿ ಕೊಟ್ಟು ಒಪ್ಪಿದ ಕೆಎಫ್‌ಎಸ್‌ನಲ್ಲಿ 10.75 ಇದ್ದರೆ ಅದನ್ನು ಅಲ್ಲಾಡಿಸುವುದು ಕಷ್ಟ. ಆದರೆ ಆ ನೀಲಿ ಪೆನ್ನಿನ ಹಾಳೆ ಇದೆಯಲ್ಲ, ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೀರುವಿನಲ್ಲಿಡಿ. 8.9 ಅಂತ ಬರೆದುಕೊಟ್ಟು 10.75ಕ್ಕೆ ಸಹಿ ಮಾಡಿಸುವುದು ಅನ್ಯಾಯದ ವ್ಯಾಪಾರ ಪದ್ಧತಿ ಅಂತ ವಾದ ಮಾಡಲು ಅದು ಬೇಕು. ವಾಟ್ಸಾಪ್ ಮೆಸೇಜ್ ಒಂದನ್ನೂ ಅಳಿಸಬೇಡಿ, ಫೋನ್ ಬದಲಾಯಿಸಬೇಡಿ. ಆಯೋಗದ ಮುಂದೆ ಇಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಒಂದು ಸರ್ಟಿಫಿಕೇಟ್ ಕೊಡಬೇಕಾಗುತ್ತದೆ, ಹಳೆಯ ಕಾನೂನಿನಲ್ಲಿ ಅದೇ 65ಬಿ ಆಗಿತ್ತು.

ಗೂಡ್ಸ್_ಗಾಡಿ_ಮನೆ

ರಾಜ್ಯ ಸರ್ಕಾರ 2025ರಲ್ಲಿ ಸಾಲದ ಕಿರುಕುಳಕ್ಕೆ ಅಂತ ಹೊಸ ಕಾನೂನು ತಂದಿದೆಯಲ್ಲ, ಪೊಲೀಸ್ ಸ್ಟೇಷನ್ನಿಗೆ ಹೋದರೆ ಅದರಲ್ಲಿ ಕೇಸು ಆಗಲ್ವಾ?

ವಕೀಲ್ರ_ಆಫೀಸಿಂದ

ಅದು ಪರವಾನಗಿ, ನೋಂದಣಿ ಇಲ್ಲದೆ ಸಾಲ ಕೊಡುವವರಿಗೆ ಮಾಡಿದ್ದು. ಆರ್‌ಬಿಐ ನೋಂದಣಿ ಇರುವ ಬ್ಯಾಂಕು, ಎನ್‌ಬಿಎಫ್‌ಸಿಗಳಿಗೆ ಅದು ಅನ್ವಯ ಆಗುವುದಿಲ್ಲ. ಹಾಗಂತ ಇವರು ಏನು ಬೇಕಾದರೂ ಮಾಡಬಹುದು ಅಂತ ಅಲ್ಲ. ವಸೂಲಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನ್ ಮಾಡುವ ಹಾಗಿಲ್ಲ. ನೆಂಟರಿಗೆ, ಸ್ನೇಹಿತರಿಗೆ ಫೋನ್ ಮಾಡಿ ಮರ್ಯಾದೆ ತೆಗೆಯುವ ಹಾಗಿಲ್ಲ. 2022ರ ಆಗಸ್ಟ್‌ನಲ್ಲಿ ಆರ್‌ಬಿಐ ಇದನ್ನು ಬಿಡಿಸಿ ಹೇಳಿದೆ. ಮನೆಗೆ ನುಗ್ಗಿ ಬೆದರಿಸಿದರೆ, ದಾರಿಯಲ್ಲಿ ಅಡ್ಡಹಾಕಿ ಕೀ ಕಿತ್ತುಕೊಂಡರೆ ಅದು ಮಾಮೂಲಿ ಅಪರಾಧವೇ, 112ಕ್ಕೆ ಫೋನ್ ಮಾಡಿ.

ಗೂಡ್ಸ್_ಗಾಡಿ_ಮನೆ

ಸರಿ ಸರ್, ಗೊತ್ತಾಯಿತು. ಕೇಳಲು ಕಾರಣ ಇತ್ತು. ನಮ್ಮ ಅಣ್ಣ ಒಬ್ಬ ಫೈನಾನ್ಸರ್‌ಗೆ ಎರಡು ಖಾಲಿ ಚೆಕ್ ಕೊಟ್ಟಿದ್ದ. ಸಾಲ ಪೂರ್ತಿ ತೀರಿತು, ಚೆಕ್ ವಾಪಸ್ ಕೇಳುವುದು ಮರೆತ. ಎರಡು ವರ್ಷ ಆದಮೇಲೆ ಪೆನಾಲ್ಟಿ ಬಾಕಿ ಅಂತ ಹೇಳಿ ಒಂದು ಚೆಕ್ಕನ್ನು 61 ಸಾವಿರಕ್ಕೆ ಬ್ಯಾಂಕಿಗೆ ಹಾಕಿದರು. ಅಣ್ಣ ಒಂದೂವರೆ ವರ್ಷ ಕೋರ್ಟಿಗೆ ಅಲೆದ. ಪ್ರತಿ ತಾರೀಖಿಗೂ ಒಂದು ದಿನದ ಬಾಡಿಗೆ ಹೋಯಿತು. ಮೇಷ್ಟ್ರೇ, ಚೆಕ್ ಮಾತ್ರ ಕೊಡಬೇಡಿ, ಕೈ ಮುಗಿದು ಹೇಳುತ್ತೇನೆ.

ಬಯಲುಸೀಮೆ72

ವಕೀಲರ ಉತ್ತರ ಓದಿದೆ. ಸುಮ್ನೆ ಕಟ್ಟಿ ಅಂದಿದ್ದು ನನ್ನ ತಪ್ಪು, ವಾಪಸ್ ತಗೊಳ್ಳುತ್ತೇನೆ. ಎರಡು ಡೌಟ್ ಇದೆ. ಈ ಗಲಾಟೆ ಮುಗಿಯುವ ತನಕ ಮೇಷ್ಟ್ರು ಕಂತು ನಿಲ್ಲಿಸಬಹುದಾ? ಸಿಬಿಲ್‌ಗೆ ತಪ್ಪು ಮಾಹಿತಿ ಹಾಕಿದರೆ ಏನು ಗತಿ?

ವಕೀಲ್ರ_ಆಫೀಸಿಂದ

ಕಂತು ನಿಲ್ಲಿಸಲೇಬಾರದು. ಇದೊಂದನ್ನು ಎಲ್ಲರೂ ನೆನಪಿಡಿ. ಜಗಳ ನಿಮ್ಮದು ನ್ಯಾಯವಾಗಿಯೇ ಇರಬಹುದು, ಆದರೆ ಕಂತು ತಪ್ಪಿದ ದಿನ ಕೋಲು ಅವರ ಕೈಗೆ ಹೋಗುತ್ತದೆ. ಖಾತೆಯಲ್ಲಿ 15,133 ಇಡಿ, ತಕರಾರು ಇಟ್ಟುಕೊಂಡೇ ಕಟ್ಟುತ್ತಿದ್ದೇನೆ ಅಂತ ಒಂದು ಮೇಲ್ ಹಾಕಿ. ಅಕಸ್ಮಾತ್ ಒಂದು ಕಂತು ತಡವಾದರೆ ದಂಡ ಹಾಕಬಹುದು, ಆದರೆ 2024ರ ಏಪ್ರಿಲ್‌ನಿಂದ ಅದನ್ನು ಬಡ್ಡಿಯ ರೂಪದಲ್ಲಿ ಹಾಕುವ ಹಾಗಿಲ್ಲ, ದಂಡದ ಮೇಲೆ ಬಡ್ಡಿಯೂ ಇಲ್ಲ.

ಸಿಬಿಲ್‌ನಲ್ಲಿ ತಪ್ಪು ಇದ್ದರೆ ದೂರು ಕೊಡಿ. 30 ದಿನದಲ್ಲಿ ಸರಿ ಮಾಡದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿ ನಿಮಗೆ ಕೊಡಬೇಕು.

ಮೇಷ್ಟ್ರೇ, ಫೈನಾನ್ಸ್ ಕಂಪನಿಯ ದೂರು ವಿಭಾಗದ ಮೇಲ್‌ಗೆ ಹೀಗೆ ಬರೆಯಿರಿ, ಅದರದ್ದೇ ಒಂದು ಕಾಪಿ ಡೀಲರ್‌ಗೂ ಹೋಗಲಿ. ಕನ್ನಡದಲ್ಲೇ ಬರೆಯಿರಿ, ಪರವಾಗಿಲ್ಲ:

"ನನ್ನ ಸಾಲದ ಖಾತೆಯ ಕೆಎಫ್‌ಎಸ್, ಒಪ್ಪಂದದ ಪೂರ್ತಿ ಪ್ರತಿ, ಡೆಲಿವರಿ ಆರ್ಡರ್ ಮತ್ತು ಲೋನ್ ಸ್ಟೇಟ್‌ಮೆಂಟ್ ಕಳಿಸಿ. ನಾನು ಕೇಳದ ವಿಮೆಯನ್ನು ರದ್ದು ಮಾಡಿ 18,400 ರೂಪಾಯಿ ವಾಪಸ್ ಕೊಡಿ. 2,950 ರೂಪಾಯಿ ಯಾವ ಆಧಾರದ ಮೇಲೆ ಹಿಡಿದಿರಿ ತಿಳಿಸಿ. ಅಡ್ವಾನ್ಸ್ ಕಂತನ್ನು ಮೊದಲ ದಿನದಿಂದಲೇ ಅಸಲಿನಲ್ಲಿ ಕಳೆದು ಬಡ್ಡಿ ಲೆಕ್ಕ ಹಾಕಿ. ಚೆಕ್ ಮತ್ತು ಜಾಮೀನುದಾರರನ್ನು ಒಪ್ಪಂದದ ಯಾವ ಷರತ್ತಿನ ಪ್ರಕಾರ ಕೇಳುತ್ತಿದ್ದೀರಿ ಬರೆದು ತಿಳಿಸಿ."

30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ, ಆರ್‌ಬಿಐ ಒಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕು, ಫೈನಾನ್ಸ್ ಕಂಪನಿಗಳ ಮೇಲಿನ ದೂರು ಕೇಳುವ ಅಧಿಕಾರಿಗೆ, ಆರ್‌ಬಿಐನ ಸಿಎಂಎಸ್ ದೂರು ಪೋರ್ಟಲ್‌ನಲ್ಲಿ ದೂರು ಹಾಕಿ. ಶುಲ್ಕ ಇಲ್ಲ, ವಕೀಲರೂ ಬೇಡ. ಸಹಾಯಕ್ಕೆ 14448. ಆದರೆ ಕಂಪನಿಗೆ ಮೊದಲು ಬರೆಯದೆ ನೇರ ಅಲ್ಲಿಗೆ ಹೋದರೆ ವಾಪಸ್ ಕಳಿಸುತ್ತಾರೆ.

ಡೀಲರ್ ಮೇಲಿನ ದೂರಿಗೆ ಒಂಬುಡ್ಸ್‌ಮನ್ ಅಲ್ಲ. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಅಲ್ಲಿ ಆಗದಿದ್ದರೆ ಹಾಸನದ ಜಿಲ್ಲಾ ಗ್ರಾಹಕರ ಆಯೋಗ. ಶೋರೂಮ್ ಎಲ್ಲೇ ಇರಲಿ, ನೀವು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು, 2019ರ ಕಾಯ್ದೆ ಕೊಟ್ಟ ಒಳ್ಳೆಯ ಅನುಕೂಲ ಅದು. ನೀವು ಕೊಟ್ಟ ಬೆಲೆ 5ರಿಂದ 10 ಲಕ್ಷದ ಒಳಗೆ ಇರುವುದರಿಂದ ಶುಲ್ಕ 200 ರೂಪಾಯಿ. ಎರಡು ವರ್ಷದ ಒಳಗೆ ಹಾಕಬೇಕು.

ಹಳೇ_ಫೈನಾನ್ಸ್_ಡೆಸ್ಕ್

ಇನ್ನೊಂದೆರಡು ಸೇರಿಸುತ್ತೇನೆ. ಆರ್‌ಸಿ ಕಾರ್ಡ್ ಕೈಗೆ ಬರದಿದ್ದರೂ ಡಿಜಿಲಾಕರ್‌ನಲ್ಲಿ ನೋಡಿ, ನೋಂದಣಿ ಆಗಿದ್ದರೆ ಅಲ್ಲೇ ಸಿಗುತ್ತದೆ. ಪೊಲೀಸರಿಗೆ ತೋರಿಸಲು ಅದೇ ಸಾಕು, ಕಾನೂನಿನಲ್ಲಿ ಅದಕ್ಕೂ ಕಾರ್ಡಿನಷ್ಟೇ ಬೆಲೆ. ಅದರಲ್ಲಿ ಹೈಪೋಥಿಕೇಷನ್, ಅಂದರೆ ಸಾಲಕ್ಕೆ ಗಾಡಿಯ ಒತ್ತೆ, ಯಾರ ಹೆಸರಲ್ಲಿದೆ ಅಂತಲೂ ಗೊತ್ತಾಗುತ್ತದೆ. ಅಲ್ಲಿಗೆ ಅವರ ಕೈಯಲ್ಲಿರುವ ದೊಡ್ಡ ಅಸ್ತ್ರ ಮೊಂಡಾಯಿತು.

ಡೆಲಿವರಿ ದಿನ ಗೇಟ್ ಪಾಸ್ ಕೊಟ್ಟಿರುತ್ತಾರೆ, ಸಣ್ಣ ಚೀಟಿ. ಡ್ಯಾಶ್‌ಬೋರ್ಡ್ ಒಳಗೋ ಮ್ಯಾನುವಲ್ ಪುಸ್ತಕದ ಮಧ್ಯೆಯೋ ಬಿದ್ದಿರುತ್ತದೆ, ಹುಡುಕಿ. ಅಕೌಂಟ್ಸ್‌ನವರು ಬಾಕಿ ಇಲ್ಲ ಅಂತ ಸಹಿ ಹಾಕದೆ ಗೇಟ್ ಪಾಸ್ ಕೊಡುವುದಿಲ್ಲ.

ಏನೇ ಕಟ್ಟಿದರೂ ಶೋರೂಮಿನ ಬ್ಯಾಂಕ್ ಖಾತೆಗೆ ಮಾತ್ರ, ರಸೀದಿ ತಗೊಂಡೇ. ಮನೆಗೆ ಬಂದ ಹುಡುಗನ ಯುಪಿಐ ನಂಬರಿಗೆ ಒಂದು ರೂಪಾಯಿಯೂ ಬೇಡ.

ಕೊಪ್ಪದ_ಹುಡುಗಿ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಸೆಕೆಂಡ್ ಹ್ಯಾಂಡ್ ಕಾರು ನೋಡುತ್ತಿದ್ದೇನೆ. 6 ಲಕ್ಷ ಸಾಲ, 5 ವರ್ಷ, 6 ಪರ್ಸೆಂಟ್ ಅಂದರು. ಇಷ್ಟು ಕಡಿಮೆ ಹೇಗೆ?

ಹಳೇ_ಫೈನಾನ್ಸ್_ಡೆಸ್ಕ್

ಅದು ಫ್ಲಾಟ್ ರೇಟ್ ಇರಬೇಕು. ಕಂತು 13,000 ಅಂದರಾ? ಹಾಗಿದ್ದರೆ ಖಂಡಿತ ಫ್ಲಾಟ್. 6 ಲಕ್ಷಕ್ಕೆ 6 ಪರ್ಸೆಂಟ್ ಅಂದರೆ ವರ್ಷಕ್ಕೆ 36 ಸಾವಿರ, ಐದು ವರ್ಷಕ್ಕೆ 1,80,000. ನೀವು ತಿಂಗಳು ತಿಂಗಳು ಅಸಲು ತೀರಿಸುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ 6 ಲಕ್ಷದ ಮೇಲೆ ಹಾಕುತ್ತಾರೆ. ಇಳಿಯುವ ಬಾಕಿಯ ಲೆಕ್ಕದಲ್ಲಿ ಅದು 10.85 ಪರ್ಸೆಂಟ್ ಹತ್ತಿರ ಆಗುತ್ತದೆ. ರೇಟ್ ಎಷ್ಟು ಅಂತ ಕೇಳಬೇಡಿ, ಎಪಿಆರ್, ಅಂದರೆ ಎಲ್ಲ ಖರ್ಚು ಸೇರಿದ ವರ್ಷದ ದರ, ಎಷ್ಟು ಅಂತ ಕೇಳಿ. ಕೆಎಫ್‌ಎಸ್‌ನಲ್ಲಿ ಅದು ಬರೆದಿರಲೇಬೇಕು, ವಿಮೆ ಫೀ ಎಲ್ಲ ಸೇರಿಸಿಯೇ ಬರೆದಿರಬೇಕು.

ಹಾಗೆಯೇ ಆ ಕಾರಿನ ಮೇಲೆ ಹಳೆಯ ಮಾಲೀಕರ ಸಾಲದ ಎಚ್‌ಪಿ, ಅಂದರೆ ಹೈಪೋಥಿಕೇಷನ್, ಕ್ಯಾನ್ಸಲ್ ಆಗಿದೆಯಾ ನೋಡಿ. ಅದನ್ನು ತೆಗೆಸುವ ಫಾರ್ಮ್ 35 ಮತ್ತು ಸಾಲ ಕೊಟ್ಟವರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಇಲ್ಲದೆ ಅಡ್ವಾನ್ಸ್ ಕೊಡಬೇಡಿ. ಸಾಲ ಪೂರ್ತಿ ತೀರಿದ 30 ದಿನದ ಒಳಗೆ ಸಾಲ ಕೊಟ್ಟವರು ದಾಖಲೆ ವಾಪಸ್ ಕೊಟ್ಟು ಚಾರ್ಜ್ ತೆಗೆಸಬೇಕು, ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ಪರಿಹಾರ. 2023ರ ಡಿಸೆಂಬರ್‌ನಿಂದ ಈ ನಿಯಮ ಇದೆ. ಹಾಗಾಗಿ ಎನ್‌ಒಸಿ ಬರಲು ಇನ್ನೂ ಆರು ತಿಂಗಳು ಬೇಕು ಅಂತ ಮಾರುವವರು ಹೇಳಿದರೆ ನಂಬಬೇಡಿ, ಸಾಲ ಬಾಕಿ ಇದ್ದೀತು.

ಅರಸೀಕೆರೆ_ಮೇಷ್ಟ್ರು

ಐದು ವಾರ ಆಯಿತು, ಏನಾಯಿತು ಅಂತ ಹೇಳಲು ಬಂದೆ. ಅವತ್ತು ರಾತ್ರಿಯೇ ವಕೀಲರು ಬರೆದುಕೊಟ್ಟ ಹಾಗೆ ಮೇಲ್ ಹಾಕಿದೆ. ಅಕ್ಷರ ಕೂಡ ಬದಲಾಯಿಸಲಿಲ್ಲ.

ಗೇಟ್ ಪಾಸ್ ಸಿಕ್ಕಿತು. ಮ್ಯಾನುವಲ್ ಪುಸ್ತಕದ ಒಳಗೇ ಇತ್ತು, ಅರಿಶಿನ ಕುಂಕುಮ ಹತ್ತಿತ್ತು. ಬಾಕಿ ಅನ್ನುವ ಜಾಗದಲ್ಲಿ ನಿಲ್ ಅಂತ ಬರೆದು ಸೀಲ್ ಹಾಕಿದ್ದಾರೆ. ಡಿಒ ಕೂಡ ಬಂತು. ಅದರಲ್ಲಿ ನೆಟ್ ಪೇಯಬಲ್ 6,55,257, ಗಿರಾಕಿಯಿಂದ ತಗೊಳ್ಳಬೇಕಾದ ಮಾರ್ಜಿನ್ 3,30,743 ಅಂತ ಸ್ಪಷ್ಟವಾಗಿದೆ. ತಾರೀಖು ಡೆಲಿವರಿಗೆ ಎರಡು ದಿನ ಮೊದಲಿನದು. ಹಳೇ ಡೆಸ್ಕಿನವರು ಹೇಳಿದ್ದು ಪೂರ್ತಿ ಸರಿ, ಅವರಿಗೆ ಎಲ್ಲ ಗೊತ್ತಿತ್ತು.

ಕೆಎಫ್‌ಎಸ್‌ನಲ್ಲಿ ಪ್ರೊಸೆಸಿಂಗ್ ಫೀ ಇತ್ತು. ಡಾಕ್ಯುಮೆಂಟ್ ಚಾರ್ಜ್ ಇರಲಿಲ್ಲ. ವಿಮೆ ಇತ್ತು, ಆದರೆ ಫ್ರೀ ಲುಕ್‌ನಲ್ಲಿ ರದ್ದು ಮಾಡಿದರು. 18,400 ಮತ್ತು 2,950 ಸೇರಿ 21,350 ರೂಪಾಯಿಯನ್ನು ಕಂಪನಿಯವರೇ ಡೀಲರ್ ಖಾತೆಗೆ ಕಳಿಸಿದರು. ಉಳಿದ 23,393 ನಾನು ಶೋರೂಮ್ ಖಾತೆಗೆ ಕಟ್ಟಿದೆ. ಫೀ ನನ್ನದೇ, ಅಡ್ವಾನ್ಸ್ ಕಂತೂ ನನ್ನ ಲೆಕ್ಕಕ್ಕೇ ಹೋಗಿದೆ, ಹಾಗಾಗಿ ಆ ದುಡ್ಡು ಡೀಲರ್‌ಗೆ ಕೊಡುವುದು ನ್ಯಾಯ ಅನ್ನಿಸಿತು. ಬಾಕಿ ಏನೂ ಇಲ್ಲ ಅಂತ ಬರೆದ ರಸೀದಿ ತಗೊಂಡೆ. ಆರ್‌ಸಿ ಕಾರ್ಡ್, ಎರಡನೇ ಕೀ ಎರಡೂ ಅದೇ ದಿನ ಕೊಟ್ಟರು. ಗಾಡಿ ಎತ್ತುತ್ತೇವೆ ಅಂದವರು ಯಾರೂ ಮತ್ತೆ ಫೋನ್ ಮಾಡಲಿಲ್ಲ. ಚೆಕ್, ಜಾಮೀನು ಯಾವ ಷರತ್ತಿನಲ್ಲಿದೆ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ಆ ಹುಡುಗನೂ ಬರಲಿಲ್ಲ.

ಅಡ್ವಾನ್ಸ್ ಕಂತಿನ ಬಡ್ಡಿ ಇನ್ನೂ ಬಗೆಹರಿದಿಲ್ಲ. ಬಡ್ಡಿಯನ್ನು 6,84,867ರ ಮೇಲೆ ಹಾಕಿ ಅಂತ ಕೇಳಿದ್ದೇನೆ, ಅವರು ಕೊನೆಯ ಕಂತಿಗೆ ಹೊಂದಿಸುತ್ತೇವೆ ಅನ್ನುತ್ತಾರೆ. 30 ದಿನ ಮುಗಿದ ಕಾರಣ ನಿನ್ನೆ ಒಂಬುಡ್ಸ್‌ಮನ್‌ಗೆ ದೂರು ಹಾಕಿದೆ, ನಂಬರ್ ಬಂದಿದೆ. 8.9ರ ವಿಷಯಕ್ಕೆ ಗ್ರಾಹಕರ ಆಯೋಗಕ್ಕೆ ಹೋಗುವುದಾ ಅಂತ ಯೋಚಿಸುತ್ತಿದ್ದೇನೆ. ಸಿಬಿಲ್ ತೆಗೆದು ನೋಡಿದೆ, ಸ್ಕೋರ್ 771. ಒಂದೇ ದಿನ ನಾಲ್ಕು ಕಂಪನಿಯ ಎನ್‌ಕ್ವೈರಿ ಇದೆ.

ವಕೀಲ್ರ_ಆಫೀಸಿಂದ

771 ಇದ್ದೂ ಸಿಬಿಲ್ ಕಾರಣ ಹೇಳಿದರಾ? ಆ ಮಾತು ವಾಟ್ಸಾಪ್‌ನಲ್ಲಿ ಬರವಣಿಗೆಯಲ್ಲಿ ಇದೆಯಾ, ಇಲ್ಲ ಬರೀ ಫೋನ್‌ನಲ್ಲಿ ಹೇಳಿದ್ದಾ? ಬರವಣಿಗೆಯಲ್ಲಿ ಇದ್ದರೆ ಆಯೋಗಕ್ಕೆ ಹೋಗಿ, ನೀಲಿ ಪೆನ್ನಿನ ಹಾಳೆ ಜೊತೆ ಅದು ಬಲವಾದ ಸಾಕ್ಷಿ. ಆ ರಿಪೋರ್ಟಿನ ಪಿಡಿಎಫ್ ಕೂಡ ಇವತ್ತಿನ ತಾರೀಖಿನದ್ದೇ ಉಳಿಸಿಕೊಳ್ಳಿ, ಮುಂದಿನ ತಿಂಗಳು ಸ್ಕೋರ್ ಬದಲಾಗುತ್ತದೆ.

ಅರಸೀಕೆರೆ_ಮೇಷ್ಟ್ರು

ವಾಟ್ಸಾಪ್‌ನಲ್ಲೇ ಇದೆ ಸರ್. ಘಟ್ಟದ ಕೆಳಗಿನವರು ಬರೆದು ಕೊಡಿ ಅಂತ ಕೇಳಿ ಅಂದಿದ್ದರಲ್ಲ, ಅವತ್ತೇ ಕೇಳಿದ್ದೆ. ಪಿಡಿಎಫ್ ಈಗಲೇ ಇಳಿಸಿಕೊಂಡೆ. ಸೋಮವಾರ ಹಾಸನಕ್ಕೆ ಹೋಗುತ್ತೇನೆ.